ಗೀಸರ್ ಹಾಕಿದರೆ ಲೈಟ್ ಮಂಕು, ನಲ್ಲಿ ಮುಟ್ಟಿದರೆ ಜುಂ: ಅರ್ಥ್ ಗುಂಡಿ ತೋಡಿಸಿದರೆ ಸಾಕಾ?

ತೋಟದಮನೆ (ನಾಪೋಕ್ಲು):
ನಮ್ಮದು ತೋಟದೊಳಗಿನ ಹಳೇ ಮನೆ, ಸಿಂಗಲ್ ಫೇಸ್. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಸಿಲ್ವರ್ ಓಕ್ ಕೊಂಬೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಮೇಲೆ ಬಿತ್ತು. ವಯರ್ ತುಂಡಾಗಲಿಲ್ಲ, ಜೋತುಬಿದ್ದಿದೆ. ಅವತ್ತಿನಿಂದ ಗೀಸರ್ ಹಾಕಿದರೆ ಲೈಟೆಲ್ಲ ಮಂಕು. ಊರಿನ ವಯರ್‌ಮನ್ ಬಂದು ಬೋರ್ಡಿನಲ್ಲಿ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವಯರ್ ಸೇರಿಸಿದರು. ಲೈಟ್ ತಕ್ಷಣ ಸರಿಯಾಯಿತು! ಆದರೆ ಈಗ ಗೀಸರ್ ಆನ್ ಇದ್ದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಂ ಎನ್ನುತ್ತದೆ. ಅಮ್ಮ ಬಚ್ಚಲಿಗೆ ಹೋಗಲು ಹೆದರುತ್ತಾರೆ. ಹೊಸ ಅರ್ಥ್ ಗುಂಡಿ ತೋಡಿಸಿ ಅಂತಾರೆ ವಯರ್‌ಮನ್. ತೋಡಿಸಲಾ?

ಹಳೇ ಟೆಸ್ಟರ್ (ವಿರಾಜಪೇಟೆ):
ಗುಂಡಿ ಆಮೇಲೆ. ಮೊದಲು ಮೇನ್ ಆಫ್ ಮಾಡಿ. ಆ ತುಂಡು ವಯರ್ ತೆಗೆಸುವವರೆಗೆ ಬಚ್ಚಲು, ಮೋಟರ್, ಫ್ರಿಜ್ ಯಾವುದನ್ನೂ ಮುಟ್ಟಬೇಡಿ.

ಲೈಟ್ ಸರಿಯಾಗಿದ್ದಕ್ಕೂ ನಲ್ಲಿ ಜುಂ ಎನ್ನುವುದಕ್ಕೂ ಕಾರಣ ಒಂದೇ. ಕೊಂಬೆ ಜಗ್ಗಿದ್ದಕ್ಕೆ ಹೊರಗೆ ಎಲ್ಲೋ ನ್ಯೂಟ್ರಲ್ ಲೂಸ್ ಆಗಿದೆ. ಗೀಸರಿನ ಕರೆಂಟ್ ಆ ದಾರಿಯಲ್ಲಿ ವಾಪಸ್ ಹೋಗಲಾರದೆ ಈಗ ನಿಮ್ಮ ಅರ್ಥ್ ಪೈಪಿನ ಮೂಲಕ ಮಣ್ಣಿಗೆ ಹೋಗುತ್ತಿದೆ. ಅರ್ಥಿನ ತಡೆ (ರೆಸಿಸ್ಟೆನ್ಸ್) 10 ಓಮ್ ಇದೆ ಅಂತಿಟ್ಟುಕೊಳ್ಳಿ. 6 ಆಂಪಿಯರ್ ಹರಿದರೂ 60 ವೋಲ್ಟ್ ಆಯಿತು. ಅರ್ಥ್ ವಯರ್ ಸೇರಿದ ಪ್ರತಿ ಲೋಹದ ಮೈಮೇಲೂ ಅಷ್ಟು ನಿಂತಿರುತ್ತದೆ. ಒದ್ದೆ ನೆಲ, ಬರಿಗಾಲು ಬೇರೆ.

ಕಂಬದಿಂದ ಮೀಟರ್‌ವರೆಗಿನ ಕೆಲಸ ಖಾಸಗಿ ವಯರ್‌ಮನ್ ಕೈಯಲ್ಲಿ ಮಾಡಿಸಬೇಡಿ. ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ. 'ಲೈಟ್ ಡಿಮ್' ಅಂತ ಸುಮ್ನೆ ಹೇಳಿದರೆ ವೋಲ್ಟೇಜ್ ಕಮ್ಮಿ ಅಂದುಕೊಳ್ಳುತ್ತಾರೆ. 'ಕೊಂಬೆ ಬಿದ್ದು ನ್ಯೂಟ್ರಲ್ ಲೂಸ್ ಆಗಿದೆ, ವಯರ್ ಜೋತುಬಿದ್ದಿದೆ' ಅಂತಲೇ ಹೇಳಿ.

ಲೈನ್‌ಮನ್ ಬಂದಾಗ ಕಂಬದ ಮೇಲಿನ ಜಾಯಿಂಟ್ ನೋಡಲು ಹೇಳಿ. ಅಲ್ಯೂಮಿನಿಯಂ ವಯರಿಗೆ ತಾಮ್ರ ಸುತ್ತಿಟ್ಟಿದ್ದರೆ ನಮ್ಮ ಮಳೆಗೆ ಬಿಳಿ ಪುಡಿ ಕಟ್ಟಿ ಸುಟ್ಟೇ ಸುಡುತ್ತದೆ. ಎರಡು ಲೋಹಕ್ಕೂ ಹೊಂದುವ ಕ್ಲಾಂಪ್ ಬೇಕು. ವಯರಿನ ಭಾರ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಹೊರಬೇಕು, ಜಾಯಿಂಟ್ ಅಲ್ಲ. ಇನ್ನೊಂದು, ಗೋಡೆಯ ಪೈಪಿನ ಬಾಯಿ ಕೆಳಮುಖ ಇರಬೇಕು. ವಯರ್ ಸ್ವಲ್ಪ ಇಳಿದು ಮತ್ತೆ ಮೇಲೇರಿ ಪೈಪಿನೊಳಗೆ ಹೋಗಬೇಕು. ಇಲ್ಲದಿದ್ದರೆ ನೀರು ವಯರ್ ಹಿಡಿದು ನೇರ ಮೀಟರಿಗೆ ಬರುತ್ತದೆ. ಕೊಡಗಿನಲ್ಲಿ ಎಷ್ಟು ಬೋರ್ಡ್ ಹೀಗೇ ಹಾಳಾಗಿವೆ.

ಸೋಮವಾರಪೇಟೆ ಹುಡುಗ:
ಅಣ್ಣ, ಆದರೂ ಒಳ್ಳೇ ಗುಂಡಿ ಇದ್ದರೆ ಶಾಕ್ ಹೊಡೆಯಲ್ಲ ಅಲ್ವಾ? ನಮ್ಮಲ್ಲಿ ಉಪ್ಪು, ಇದ್ದಿಲು ತುಂಬಿ ಹಾಕಿಸಿದ್ದೇವೆ.

ಹಳೇ ಟೆಸ್ಟರ್ (ವಿರಾಜಪೇಟೆ):
ಗುಂಡಿ ಬೇಕು, ಬೇಡ ಅನ್ನಲಿಲ್ಲ. 2.5 ಮೀಟರ್ ಜಿಐ ಪೈಪ್, ಗೋಡೆಯಿಂದ ಒಂದೂವರೆ ಮೀಟರ್ ದೂರ. ಉಪ್ಪು ನಮ್ಮ ಮಳೆಗೆ ಕರಗಿ ಹೋಗುತ್ತದೆ, ಪೈಪಿಗೂ ತುಕ್ಕು ಹಿಡಿಸುತ್ತದೆ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂ ಮಳೆಗೆ ಮುಂಚೆ ಮಣ್ಣು ಒಣಗಿದಾಗ ಓಮ್ ಅಳೆಸಿ ನೋಡಿ, ನಿಜ ಗೊತ್ತಾಗುತ್ತದೆ.

ಲೆಕ್ಕ ಹಾಕು. ಅರ್ಥ್ 20 ಓಮ್ ಇದ್ದು ಗೀಸರ್ ಮೈಗೆ ಫೇಸ್ (ಕರೆಂಟ್ ಬರುವ ವಯರ್) ತಾಗಿದರೆ 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೇ ಇಲ್ಲ, ಗೀಸರ್ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳುತ್ತದೆ. ನನ್ನ ಕೇಳಿದರೆ ದುಡ್ಡು ಕಮ್ಮಿ ಇದ್ದವರು ಮೊದಲು ಅದನ್ನೇ ಹಾಕಿಸಬೇಕು. ತೋಟದ ಕೆಲಸದವರ ಲೈನ್ ಮನೆಗಳಿಗೂ.

ತೋಟದಮನೆ (ನಾಪೋಕ್ಲು):
ಲೈನ್‌ಮನ್ ಬಂದಿದ್ದರು. ಕಂಬದ ಹತ್ತಿರ ನ್ಯೂಟ್ರಲ್ ಒಂದೆರಡು ಎಳೆಯಲ್ಲಿ ನೇತಾಡುತ್ತಿತ್ತಂತೆ, ಉಳಿದದ್ದು ಕಪ್ಪು. ಬದಲಾಯಿಸಿ ವಯರ್ ಎಳೆದು ಕಟ್ಟಿದರು. ಬೋರ್ಡಿನ ತುಂಡು ವಯರನ್ನೂ ತೆಗೆಸಿದೆವು. ಲೈಟ್ ಸರಿ, ನಲ್ಲಿಯಲ್ಲೂ ಏನಿಲ್ಲ. ಆರ್‌ಸಿಸಿಬಿ ತಂದೆ, ಆದರೆ ಹಾಕಿದ ಕೂಡಲೇ ಬೀಳುತ್ತಿದೆ. ಹಾಳಾದದ್ದು ಕೊಟ್ಟರಾ?

ಹಳೇ ಟೆಸ್ಟರ್ (ವಿರಾಜಪೇಟೆ):
ಯುಪಿಎಸ್ ಇದೆಯಾ? ಇದ್ದರೆ ಅದರ ನ್ಯೂಟ್ರಲ್ ಮನೆಯ ನ್ಯೂಟ್ರಲ್ ಜೊತೆ ಎಲ್ಲೋ ಸೇರಿರಬಹುದು, ಬೇರೆ ಮಾಡಿಸಿ. ಆಮೇಲೂ ಬಿದ್ದರೆ ಗೀಸರ್ ಪ್ಲಗ್ ಕಿತ್ತು ನೋಡಿ, ಆಗ ಬೀಳದಿದ್ದರೆ ದೋಷ ಗೀಸರಿನದು. ಮೇನ್‌ಗೆ ನೇರ ಜೋಡಿಸಿ ಆರ್‌ಸಿಸಿಬಿ ತಪ್ಪಿಸಲು ಮಾತ್ರ ಯಾರಿಗೂ ಬಿಡಬೇಡಿ.