‘ನಂಬಿಕೆ ಇದ್ದರೆ ಸುಖ’: ಬ್ಯಾಚ್ ಗುಂಪಿನಲ್ಲಿ ಗಲ್ಫ್ ಸಂಸಾರದ ಚರ್ಚೆ

ಶೈಲಜಾ: [ಫಾರ್ವರ್ಡ್] ‘ದೇವರನ್ನು ನಂಬುವ ದಂಪತಿ ದೂರ ಇದ್ದರೂ ಸುಖವಾಗಿರುತ್ತಾರೆ: ಅಧ್ಯಯನ.’ ಗಂಡ ಗಲ್ಫ್‌ನಲ್ಲಿರುವವರೆಲ್ಲ ಓದಿ. ಧೈರ್ಯ ಬರುತ್ತದೆ.

ಹರೀಶ: ಯಾರ ಅಧ್ಯಯನ ಅಂತ ಬರೆದೇ ಇಲ್ಲ. ಮನಃಶಾಸ್ತ್ರಜ್ಞೆ ಅನೆಟ್ ಮಹೋನಿ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ್ದು ಒಂದು ಉಂಟು. ಅಮೆರಿಕದ 97 ದಂಪತಿಗಳು. ಒಟ್ಟಿಗೆ ಪ್ರಾರ್ಥಿಸುವವರು, ಮದುವೆಯನ್ನು ಪವಿತ್ರ ಅಂತ ಕಾಣುವವರು ಹೆಚ್ಚು ತೃಪ್ತರಾಗಿದ್ದರು. ಆದರೆ ಪ್ರಾರ್ಥನೆಯಿಂದ ಸುಖ ಬಂತೋ, ಸುಖವಾಗಿದ್ದವರು ಒಟ್ಟಿಗೆ ಪ್ರಾರ್ಥನೆಗೆ ಕೂತರೋ? ಅದು ಗೊತ್ತಾಗುವುದಿಲ್ಲ. ಗಲ್ಫ್ ಸಂಸಾರದ ಮಾತಂತೂ ಅದರಲ್ಲಿ ಇಲ್ಲ.

ಶೈಲಜಾ: ಎಲ್ಲದಕ್ಕೂ ತಕರಾರು ಮಾರಾಯ ನಿನ್ನದು. ಭಾವ ಮಸ್ಕತ್‌ನಲ್ಲಿದ್ದಷ್ಟು ವರ್ಷ ಅಕ್ಕ, ಭಾವ ಇಬ್ಬರೂ ಸೋಮವಾರ ಉಪವಾಸ ಮಾಡುತ್ತಿದ್ದರು. ‘ಅಲ್ಲಿ ಅವರೂ ಇವತ್ತು ಊಟ ಬಿಟ್ಟಿದ್ದಾರೆ’ ಅನ್ನುವುದೇ ಅವಳಿಗೆ ಬಲ.

ಲವೀನಾ: ಅದು ನಿಜ ಶೈಲು. ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ. ಆಗ ಕುವೈತ್‌ನಲ್ಲಿ ಐದು ಗಂಟೆ, ನಮ್ಮವರು ಇನ್ನೂ ಕೆಲಸದಲ್ಲಿ. ಅತ್ತೆಯನ್ನು ಒಪ್ಪಿಸಿ ಒಂಬತ್ತಕ್ಕೆ ಇಟ್ಟುಕೊಂಡೆವು. ಈಗ ಅವರೂ ವಿಡಿಯೋದಲ್ಲಿ ಸೇರುತ್ತಾರೆ. ಜಗಳ ಆದ ದಿನವೂ ಫೋನ್ ಎತ್ತಲೇಬೇಕು, ಅಲ್ವಾ?

ಮುಮ್ತಾಜ್: ನಾನೂ ನಮಾಜು ಬಿಟ್ಟವಳಲ್ಲ. ಆದರೂ ಇದನ್ನು ಓದಿ ತುಂಬಾ ಬೇಜಾರಾಯಿತು. ನಂಬಿಕೆ ಇದ್ದರೆ ಸುಖ ಅಂದರೆ, ಅಳುವ ಹೆಂಡತಿಗೆ ನಂಬಿಕೆ ಸಾಲದು ಅಂದ ಹಾಗಾಯಿತು. ‘ಸಬ್ರ್ ಮಾಡು, ತಾಳಿಕೋ’ ಅಂತ ನನಗೆ ಎಷ್ಟು ಜನ ಹೇಳಿದ್ದಾರೆ! ಖಲೀಫ ಉಮರ್ ಅವರ ಕಥೆಯನ್ನು ಮಾತ್ರ ಯಾರೂ ಹೇಳಲಿಲ್ಲ. ರಾತ್ರಿ ಊರು ಸುತ್ತುವಾಗ, ದಂಡಿಗೆ ಹೋದ ಗಂಡನನ್ನು ನೆನೆದು ಹೆಂಗಸೊಬ್ಬಳು ಹಾಡಿಕೊಳ್ಳುವುದು ಅವರಿಗೆ ಕೇಳಿಸಿತಂತೆ. ಹೆಂಡತಿ ಎಷ್ಟು ದಿನ ತಾಳಬಲ್ಲಳು ಅಂತ ಮಗಳು ಹಫ್ಸಾರನ್ನು ಕೇಳಿದರು. ನಾಲ್ಕು ತಿಂಗಳು ಅಂದರು ಅಂತ ಕೆಲವರು, ಆರು ಅಂತ ಕೆಲವರು ಹೇಳುತ್ತಾರೆ. ಅದಕ್ಕಿಂತ ಜಾಸ್ತಿ ದಿನ ಸೈನಿಕರನ್ನು ಇಟ್ಟುಕೊಳ್ಳಬಾರದು ಅಂತ ಆಜ್ಞೆ ಆಯಿತು. ಆ ಹೆಂಗಸಿಗೆ ಈಮಾನ್, ಅಂದರೆ ನಂಬಿಕೆ, ಕಡಿಮೆ ಅಂತ ಅವರು ಹೇಳಲಿಲ್ಲ.

ಲವೀನಾ: ನಮ್ಮಲ್ಲೂ ಉಂಟು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರ, 7ನೇ ಅಧ್ಯಾಯ. ಪ್ರಾರ್ಥನೆಗೋಸ್ಕರ ಗಂಡ ಹೆಂಡತಿ ಅಗಲಿರುವುದಾದರೂ ಇಬ್ಬರೂ ಒಪ್ಪಬೇಕು, ಅದೂ ಸ್ವಲ್ಪ ಕಾಲ ಮಾತ್ರ.

ರಮೇಶ: ಕೇಳಲಿಕ್ಕೆ ಚಂದ. ಇಲ್ಲಿ ದುಬೈಯಲ್ಲಿ ಹೆಂಡತಿಯನ್ನು ಕರೆಸಲು 4,000 ದಿರ್ಹಾಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ವಸತಿ. ಆಮೇಲೆ ಮನೆ ಬಾಡಿಗೆ, ಶಾಲೆ ಫೀಸು. ರಜೆ ವರ್ಷಕ್ಕೆ 30 ದಿನ. ನಾಲ್ಕು ತಿಂಗಳಿಗೊಮ್ಮೆ ಯಾರು ಬಿಡುತ್ತಾರೆ?

ಮುಮ್ತಾಜ್: ನಿನ್ನ ಮೇಲೆ ದೂರಲ್ಲ ರಮೇಶ. ಆ 30 ದಿನವನ್ನು ಎರಡು ಸಲ ತೆಗೆಯಲು ಆಗುತ್ತದಾ ಅಂತ ಕೇಳಿದ್ದೀಯಾ? ಟಿಕೆಟ್ ಖರ್ಚು ಗೊತ್ತು. ಆದರೆ ತಂಗಿಯ ಮದುವೆಗೆ, ಮನೆ ಕಟ್ಟಲಿಕ್ಕೆ ಸಾಲ ಮಾಡಿಯಾದರೂ ಹೊಂದಿಸುತ್ತೇವೆ. ಹೆಂಡತಿಯ ಹತ್ತಿರ ಬರುವ ಮಾತು ಬಂದಾಗ ಮಾತ್ರ ದೇವರಿದ್ದಾನೆ ಅನ್ನುತ್ತೇವೆ.

ರಮೇಶ: ಕೇಳಿಲ್ಲ. ಕೇಳುತ್ತೇನೆ.

ಶೈಲಜಾ: ಆದರೂ ನಂಬಿಕೆ ಇಲ್ಲದಿದ್ದರೆ ಅಕ್ಕ ಅಷ್ಟು ವರ್ಷ ತಾಳುತ್ತಿರಲಿಲ್ಲ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಮುಮ್ತಾಜ್: ಬಿಟ್ಟುಕೊಡಬೇಡ. ಈ ಫಾರ್ವರ್ಡನ್ನು ಮಾತ್ರ ಮನೆಯವರ ಗುಂಪುಗಳಿಗೆ ಕಳಿಸಬೇಡ ಶೈಲು. ಅದನ್ನು ಓದಿ ಸೊಸೆಯ ಬಾಯಿ ಮುಚ್ಚಿಸುವವರು ಅಲ್ಲಿ ಇದ್ದಾರೆ.