ಸಹಾಯ ಬೇಕು: ‘ಕಾಮಣ್ಣನ ಮಕ್ಕಳು’ ಹಾಡಿನ ಪೋಲಿ ಸಾಲುಗಳು

ಎಲ್ಲರಿಗೂ ನಮಸ್ಕಾರ. ಹೋಳಿ ಹುಣ್ಣಿಮೆಗೆ ಹುಡುಗರು ಹಲಗೆ ಬಡಿಯುತ್ತಾ ಕೂಗುವ ಈ ಹಾಡಿನ ಬೇರೆ ಬೇರೆ ರೂಪಗಳನ್ನು ಒಟ್ಟು ಮಾಡುತ್ತಿದ್ದೇನೆ.

ಮೈಸೂರು ಕಡೆ ‘ಸೌದೆ ಬೆರಣಿ ಕದ್ದರು’ ಅಂತಾರೆ. ಧಾರವಾಡದ ಕಡೆ ಅದೇ ಸಾಲು ‘ಕಟ್ಟಿಗಿ ಕುಳ್ಳ ಕದ್ದರು’ ಆಗುತ್ತದೆ. ಎರಡನೇ ಸಾಲಿನಲ್ಲೇ ಮಜಾ ಇರೋದು. ಕೆಲವರು ‘ಕಳ್ಳ ಸೂಳೆ ಮಕ್ಕಳು’ ಅಂತ ನೇರವಾಗಿ ಬೈಯುತ್ತಾರೆ. ಇನ್ನು ಕೆಲವರು ‘ಕಳ್ಳ ನನ್ನ ಮಕ್ಕಳು’ ಅಂತ ಮೆತ್ತಗೆ ಮಾಡುತ್ತಾರೆ. ಮೊದಲು ಇದ್ದದ್ದು ಬೈಗುಳವೇ, ಮನೆಯವರ ಕಿವಿಗೆ ಹೆದರಿ ಆಮೇಲೆ ತಿದ್ದಿದ್ದು ಅಂತ ನನ್ನ ಅನುಮಾನ.

ಶಿವ ಮೂರನೇ ಕಣ್ಣು ತೆರೆದು ಕಾಮನನ್ನು ಸುಟ್ಟ ಕಥೆ ಎಲ್ಲರಿಗೂ ಗೊತ್ತು. ಕಾಮನ ಹಬ್ಬ ಅಂದಮೇಲೆ ಪೋಲಿ ಮಾತು ಬರದೆ ಇರುತ್ತದಾ? ನನಗೆ ಬೇಕಿರೋದು ‘ಕಾಮಣ್ಣನ ಸುಡೋದಕ್ಕೆ ಕದ್ದರು’ ಆದ ಮೇಲಿನ ಸಾಲುಗಳು. ಲಬೋ ಲಬೋ ಅಂತ ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಹೇಳುವಂಥವು. ನಮ್ಮ ಸೋದರಮಾವನನ್ನು ಕೇಳಿದೆ. ಎರಡು ಸಾಲು ಹೇಳಿದರು. ಅಷ್ಟರಲ್ಲಿ ಅತ್ತೆ ಕಾಫಿ ತಂದರು, ಮಾವ ಕೆಮ್ಮಿ ಸುಮ್ನಾದರು. ರೆಕಾರ್ಡಿಂಗ್‌ನಲ್ಲಿ ಬರೀ ಆ ಕೆಮ್ಮು ಚೆನ್ನಾಗಿ ಕೇಳುತ್ತದೆ!

ನಿಮ್ಮ ಕಡೆ ಹೇಗೆ ಹಾಡುತ್ತಾರೆ? ಕೇಳಿದ ಹಾಗೇ ಬರೆಯಿರಿ, ದಯವಿಟ್ಟು ಚುಕ್ಕಿ ಹಾಕಿ ಮುಚ್ಚಬೇಡಿ. ಯಾವ ಜಿಲ್ಲೆ, ಸುಮಾರು ಯಾವ ವರ್ಷ ಕೇಳಿದ್ದು ಅಂತಲೂ ತಿಳಿಸಿ. ಹೆಂಗಸರು ಹಾಡಿದ್ದು ಯಾರಾದರೂ ಕೇಳಿದ್ದರೆ ಅದು ಇನ್ನೂ ಬೇಕು. ಇಲ್ಲಿ ಹೇಳೋಕೆ ಮುಜುಗರ ಆದರೆ ಇನ್‌ಬಾಕ್ಸ್‌ಗೆ ಕಳಿಸಿ.