ಸಹಾಯ ಬೇಕು: ಫ್ಲೂರಿನಾ, ಮರ್ರಿನಾ?

ಎಲ್ಲರಿಗೂ ನಮಸ್ಕಾರ. ಐಸ್ ಹಾಕಿ ಬಲ್ಲವರು ಯಾರಾದರೂ ಇದ್ದೀರಾ? ಮಗಳಿಗೆ ಚರ್ಚಾಸ್ಪರ್ಧೆ ಇದೆ. ವಿಷಯ: 2017ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಯಾವ ಗೋಲಿಯನ್ನು (ಗೋಲ್‌ಕೀಪರನ್ನು) ಉಳಿಸಿಕೊಳ್ಳಬೇಕಿತ್ತು? ಅವಳು ಮರ್ರಿ ಪರ ಮಾತಾಡಬೇಕು. ನಾನೋ ಫ್ಲೂರಿ ಪಕ್ಷ, ಹಾಗಾಗಿ ನನ್ನಿಂದ ಅವಳಿಗೆ ಏನೂ ಪ್ರಯೋಜನವಿಲ್ಲ.

ಗೊತ್ತಿಲ್ಲದವರಿಗೆ: ಲಾಸ್ ವೇಗಸ್‌ನ ಹೊಸ ತಂಡಕ್ಕಾಗಿ ಉಳಿದ ತಂಡಗಳಿಂದ ಆಟಗಾರರ ಆಯ್ಕೆ ನಡೆದಾಗ ಪ್ರತಿ ತಂಡ ಒಬ್ಬನೇ ಗೋಲಿಯನ್ನು ಕಾಪಾಡಿಕೊಳ್ಳಬಹುದಿತ್ತು. ಮಾರ್ಕ್-ಆಂದ್ರೆ ಫ್ಲೂರಿಗೆ ಆಗ 32, ಮ್ಯಾಟ್ ಮರ್ರಿಗೆ 23. ಆ ವರ್ಷದ ಪ್ಲೇಆಫ್ ಮೊದಲ ಪಂದ್ಯದ ವಾರ್ಮ್‌ಅಪ್‌ನಲ್ಲೇ ಮರ್ರಿಗೆ ಪೆಟ್ಟಾಯಿತು. ಫ್ಲೂರಿ ಎರಡು ಸುತ್ತು ದಾಟಿಸಿದ. ವಾಷಿಂಗ್ಟನ್ ವಿರುದ್ಧ ಏಳನೇ ಪಂದ್ಯದಲ್ಲಂತೂ ಒಂದು ಗೋಲನ್ನೂ ಬಿಡಲಿಲ್ಲ. ಆಮೇಲೆ ಮುಂದಿನ ಸುತ್ತಿನ ಒಂದು ಪಂದ್ಯದಲ್ಲಿ ಒಟ್ಟಾವಾ ಮೊದಲ ಅವಧಿಯಲ್ಲೇ ನಾಲ್ಕು ಗೋಲು ಹೊಡೆದದ್ದೇ ತಡ, ಮರ್ರಿ ಒಳಗೆ ಬಂದ, ಮತ್ತೆ ಹೊರಗೆ ಹೋಗಲಿಲ್ಲ. ಫೈನಲ್‌ನ ಕೊನೆಯ ಎರಡು ಪಂದ್ಯಗಳಲ್ಲಿ ನ್ಯಾಶ್‌ವಿಲ್‌ಗೆ ಸೊನ್ನೆ!

ಆದರೂ 2009ರ ಫೈನಲ್‌ನ ಕೊನೆಯ ಕ್ಷಣದಲ್ಲಿ ಡೆಟ್ರಾಯಿಟ್‌ನ ಲಿಡ್‌ಸ್ಟ್ರಾಮ್ ಹೊಡೆತಕ್ಕೆ ಫ್ಲೂರಿ ಅಡ್ಡಬಿದ್ದು ಪಕ್ ತಡೆದದ್ದನ್ನು ನೋಡಿದವರು ಅವನನ್ನು ಹೇಗ್ರೀ ಬಿಟ್ಟುಕೊಡ್ತಾರೆ?

ಕೊನೆಗೆ ಪಿಟ್ಸ್‌ಬರ್ಗ್ ಮರ್ರಿಯನ್ನು ಉಳಿಸಿಕೊಂಡಿತು, ಫ್ಲೂರಿ ವೇಗಸ್‌ಗೆ ಹೋದ. ಅವನು ವೇಗಸ್ ತಂಡದೊಂದಿಗೆ 2018ರ ಫೈನಲ್ ತಲುಪಿದ್ದು, 2021ರಲ್ಲಿ ಶ್ರೇಷ್ಠ ಗೋಲಿಗೆ ಕೊಡುವ ವೆಜಿನಾ ಪ್ರಶಸ್ತಿ ಗೆದ್ದದ್ದು, ಇವನ್ನು ಎದುರಾಳಿಗಳು ಎತ್ತಿ ಹಿಡಿಯುವುದು ಖಂಡಿತ. ಅದಕ್ಕೆ ಅವಳು ಏನು ಹೇಳಬಹುದು? 'ಆಗ ಅದೆಲ್ಲ ಯಾರಿಗೆ ಗೊತ್ತಿತ್ತು' ಅನ್ನುವುದಷ್ಟೇ ಸಾಲದು. ವಯಸ್ಸು, ತಂಡದ ಒಟ್ಟು ಸಂಬಳದ ಮಿತಿ ಇವುಗಳ ಬಗ್ಗೆ ಗಟ್ಟಿ ವಾದವಿದ್ದರೆ ದಯವಿಟ್ಟು ತಿಳಿಸಿ. ಶನಿವಾರದೊಳಗೆ ಸಿಕ್ಕರೆ ಉಪಕಾರ.